ಸೀಟಿ ಹಿಡಿದವನ ಪಾಡು
(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಸದಸ್ಯರೊಬ್ಬರ ಮಗ ಈ ಊರಿನ ಕಾಲೇಜೊಂದರ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದಾನೆ. ಅವನ ಆಟ ನೋಡಲೆಂದು ಮೊನ್ನೆ ನಾವು ಏಳೆಂಟು ಮಂದಿ ಮಧ್ಯಾಹ್ನದ ಊಟದ ಗಡಿಬಿಡಿ ಮುಗಿಸಿ, ಮೈಮೇಲಿನ ಸಾಂಬಾರಿನ ವಾಸನೆಯೂ ಆರದೆ, ಮೈದಾನಕ್ಕೆ ಓಡಿದೆವು. ಕೊನೆಯ ನಿಮಿಷದಲ್ಲಿ ಹುಡುಗ ಚೆಂಡು ಬಡಿಯುತ್ತ ನುಗ್ಗಿದ, ಎದುರಿನವನು ಮಲಗಿಬಿಟ್ಟ, ಸೀಟಿ ಕೇಳಿಸಿತು. ತಪ್ಪು ನಮ್ಮ ಹುಡುಗನದೆಂದು ರೆಫರಿ ಕೈ ತೋರಿಸಿದರು. ಆಮೇಲೆ ನಮ್ಮ ಬಾಯಿಂದ ಬಂದದ್ದನ್ನು ಈ ಸಭೆಯಲ್ಲಿ ಹೇಳುವಂತಿಲ್ಲ. ಕನ್ನಡದಲ್ಲಿ ಬೈದದ್ದರಿಂದ ಅವರಿಗೆ ತಿಳಿಯಲಿಲ್ಲವೆಂದು ಸಮಾಧಾನ ಮಾಡಿಕೊಂಡೆವು. ಬೈಗುಳಕ್ಕೆ ಭಾಷೆ ಯಾಕೆ ಬೇಕು!

ಹಿಂತಿರುಗುವಾಗ ರೈಲಿನಲ್ಲಿ ಹುಡುಗನೇ ಮೆಲ್ಲಗೆ ಹೇಳಿದ: "ಮಾವ, ಅವನು ಮೊದಲೇ ಬಂದು ನಿಂತಿದ್ದ."

ಆ ಆಟದ ಕಷ್ಟವೇ ಅದು. ಹತ್ತು ಜನ 28 ಮೀಟರು ಉದ್ದ, 15 ಮೀಟರು ಅಗಲದ ಜಾಗದಲ್ಲಿ ಓಡಾಡುವಾಗ ಮೈಗೆ ಮೈ ತಗಲದೆ ಇರುತ್ತದೆಯೇ? ತಗಲಿತೋ ಇಲ್ಲವೋ ಎಂಬುದಲ್ಲ ಪ್ರಶ್ನೆ. ಆ ಜಾಗವನ್ನು ಮೊದಲು ಹಿಡಿದವರು ಯಾರು ಎಂಬುದು. ಕಣ್ಣು ಮಿಟುಕಿಸುವಷ್ಟರಲ್ಲಿ ಅದನ್ನು ನಿರ್ಣಯಿಸಬೇಕು. 1891ರಲ್ಲಿ ಅಮೆರಿಕದಲ್ಲಿ ಜೇಮ್ಸ್ ನೈಸ್ಮಿತ್ ಈ ಆಟವನ್ನು ಹುಟ್ಟುಹಾಕಿ ಹದಿಮೂರು ನಿಯಮ ಬರೆದಾಗಲೇ, ಚೆಂಡನ್ನು ನೋಡಲು ಒಬ್ಬ, ಆಟಗಾರರನ್ನು ನೋಡಲು ಇನ್ನೊಬ್ಬ ಎಂದು ಇಬ್ಬರನ್ನು ಇಟ್ಟಿದ್ದರು. ಒಂದು ಜೊತೆ ಕಣ್ಣಿಗೆ ಸಾಲದೆಂದು ಅವರಿಗೆ ಅಂದೇ ಗೊತ್ತಿತ್ತು. ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಈ ಮದರಾಸಿನಲ್ಲಿಯೇ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆ ತೆರೆದರು; ಅದು ಈಗಲೂ ನಂದನದಲ್ಲಿದೆ. ಅಂಥ ಊರಿನಲ್ಲಿದ್ದೂ ನಮಗೆ ನಿಯಮ ಬಾರದು, ಬೈಗುಳ ಬರುತ್ತದೆ.

ಕೂಗಿದರೇನು ನಷ್ಟ, ಟಿಕೇಟು ಕೊಟ್ಟವನ ಹಕ್ಕು ಅದು ಎನ್ನುವವರಿದ್ದಾರೆ. ಕೇಳಿ. ಇಂಗ್ಲೆಂಡಿನಲ್ಲಿ 40 ಮಂದಿ ಫುಟ್‌ಬಾಲ್ ರೆಫರಿಗಳಿಗೆ ಒಂದೇ ಪಂದ್ಯದ ಚಿತ್ರ ತೋರಿಸಿ ತೀರ್ಪು ಕೇಳಿದರು; ಕೆಲವರಿಗೆ ಜನರ ಗದ್ದಲದೊಡನೆ, ಉಳಿದವರಿಗೆ ಸದ್ದಿಲ್ಲದೆ. ಗದ್ದಲ ಕೇಳಿದವರು ಸ್ಥಳೀಯ ತಂಡದ ಮೇಲೆ ನೂರಕ್ಕೆ ಸುಮಾರು 15ರಷ್ಟು ಕಡಿಮೆ ತಪ್ಪುಗಳನ್ನು ಹೊರಿಸಿದರು. 2002ರಲ್ಲಿ ಇದು ಪ್ರಕಟವಾಯಿತು. ಎಂದರೆ ನಮ್ಮ ಕೂಗು ವ್ಯರ್ಥವಲ್ಲ. ಅದು ತಕ್ಕಡಿಯ ಮೇಲಿಟ್ಟ ಹೆಬ್ಬೆರಳು. ಇದೇ ಕಾರಣಕ್ಕೆ, ಪರಸ್ಥಳದಲ್ಲಿ ಆಡಿದ ತಂಡದವರು "ನಮಗೆ ಮೋಸವಾಯಿತು" ಎಂದಾಗ ಅದು ಬರೀ ಸೋತವನ ಗೊಣಗಾಟವೆಂದು ತಳ್ಳಿಹಾಕಲೂ ಆಗದು.

ಕೂಗಿಗೆ ಬಗ್ಗದವನ ಗತಿಯನ್ನು ನಮ್ಮ ಚೆಪಾಕ್ ಕಂಡಿದೆ. 1986ರ ಸೆಪ್ಟೆಂಬರ್ 22. ಆಸ್ಟ್ರೇಲಿಯದ ವಿರುದ್ಧ ಗೆಲುವಿಗೆ 348 ಬೇಕು. ಕೊನೆಯ ಓವರಿನಲ್ಲಿ ರವಿ ಶಾಸ್ತ್ರಿ ಒಂದು ರನ್ ತೆಗೆದು ಸ್ಕೋರು ಸರಿಸಮ ಮಾಡಿದರು. ಉಳಿದವರು ಕೊನೆಯ ಆಟಗಾರ ಮಣಿಂದರ್ ಸಿಂಗ್. ಓವರಿನ ಐದನೆಯ ಚೆಂಡಾಗಿ ಗ್ರೆಗ್ ಮ್ಯಾಥ್ಯೂಸ್ ಎಸೆದದ್ದು ಅವರ ಪ್ಯಾಡಿಗೆ ಬಡಿಯಿತು. ಅಂಪೈರ್ ವಿಕ್ರಮರಾಜು ಬೆರಳೆತ್ತಿಬಿಟ್ಟರು. ಪಂದ್ಯ ಟೈ! ಟೆಸ್ಟ್ ಚರಿತ್ರೆಯಲ್ಲಿ ಅದು ಎರಡನೆಯದು. ಚೆಂಡು ಮೊದಲು ಬ್ಯಾಟಿಗೆ ತಗಲಿತ್ತೆಂದು ಮಣಿಂದರ್ ಸಿಂಗ್ ಇಂದಿಗೂ ಹೇಳುತ್ತಾರೆ. ಅದು ಸರಿಯೋ ತಪ್ಪೋ, ನಾವು ತೀರ್ಪು ಕೊಡುವುದಿಲ್ಲ. ಆದರೆ ಇಷ್ಟು ನೆನಪಿಡಿ: ಅಂದು ಎರಡೂ ಕಡೆ ಅಂಪೈರುಗಳು ಭಾರತದವರೇ, ಮರುನೋಟಕ್ಕೆ ಟಿ.ವಿ. ಇರಲಿಲ್ಲ, ಮೂರನೆಯ ಅಂಪೈರ್ ಬಂದದ್ದು 1992ರಲ್ಲಿ. ತನ್ನ ದೇಶದ ವಿರುದ್ಧ, ಯಾರ ಮುಖವನ್ನೂ ನೋಡದೆ ಬೆರಳೆತ್ತುವ ಎದೆ ನಮ್ಮಲ್ಲಿ ಎಷ್ಟು ಮಂದಿಗಿದೆ? ವಿಕ್ರಮರಾಜು ಮತ್ತೆಂದೂ ಟೆಸ್ಟ್ ಪಂದ್ಯದಲ್ಲಿ ನಿಲ್ಲಲಿಲ್ಲ.

ಈಗ ಮನೆಯ ಮಾತು. ಹೋದ ವಾರ್ಷಿಕೋತ್ಸವದ ವಾಲಿಬಾಲ್ ಪಂದ್ಯಕ್ಕೆ ಸೀಟಿ ಹಿಡಿದವನು ನಮ್ಮವನೇ ಒಬ್ಬ ಸಪ್ಲೈಯರ್ ಹುಡುಗ. ಬೆಳಗಿನ ಐದಕ್ಕೆ ಕೆಲಸಕ್ಕೆ ನಿಂತು, ಬಿಡುವಿನ ಎರಡು ಗಂಟೆಯನ್ನು ಪುಕ್ಕಟೆಯಾಗಿ ನಮಗೆ ಕೊಟ್ಟ. ಒಂದು ಚೆಂಡು ಗೆರೆಯ ಮೇಲೆ ಬಿತ್ತೆಂದು ಹೇಳಿದ್ದಕ್ಕೆ ಅವನ ಅಂಗಿ ಹಿಡಿದೆವು. ಹೊರಗಿನವರು ಯಾರೂ ಅಲ್ಲ, ನಾವೇ. ದಿನವಿಡೀ "ಕಾಫಿ ತಣ್ಣಗಿದೆ" ಎಂದು ಗಿರಾಕಿಗಳ ಕೈಲಿ ಬೈಸಿಕೊಳ್ಳುವ ನಾವು ಆ ಸಿಟ್ಟನ್ನೆಲ್ಲ ತೀರಿಸಿಕೊಳ್ಳಲು ಆ ಬಡಪಾಯಿಯನ್ನು ಹುಡುಕಿದೆವು.

ಈ ವರ್ಷದ ಪಂದ್ಯಕ್ಕೆ ಐದು ತಂಡ ಹೆಸರು ಕೊಟ್ಟಿವೆ. ಸೀಟಿ ಹಿಡಿಯಲು ಒಬ್ಬನೂ ಇಲ್ಲ. ಕಳೆದ ಮಂಗಳವಾರ ನಾವಿಬ್ಬರು ಅವನ ಕೋಣೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದೆವು. ಚಹಾ ಮಾಡಿಕೊಟ್ಟ, ಊರಿನ ಸುದ್ದಿ ಮಾತಾಡಿದ, ಬಾಗಿಲವರೆಗೂ ಬಂದ. ಬರುತ್ತೇನೆಂದು ಮಾತ್ರ ಹೇಳಲಿಲ್ಲ. ಅಂದು ಅಂಗಿ ಹಿಡಿದವರು ಯಾರೆಂದು ಅವರಿಗೇ ಗೊತ್ತು. ಅವರೂ ಒಮ್ಮೆ ಅಲ್ಲಿಗೆ ಹೋಗಿ ಬರಬೇಕೆಂದು ಕೇಳಿಕೊಳ್ಳುತ್ತೇವೆ. ಸಂಜೆ ಏಳರ ಮೇಲೆ ಅವನು ಕೋಣೆಯಲ್ಲಿರುತ್ತಾನೆ.