ಯಂತ್ರಕ್ಕೆ ಸವಕಳಿ, ಗುಮಾಸ್ತನಿಗೆ?



ಲೆಕ್ಕಪರಿಶೋಧಕನಾದ ನಾನು ಖಾತೆಪುಸ್ತಕದಿಂದಲೇ ಆರಂಭಿಸುತ್ತೇನೆ. ಸಂಸ್ಥೆಯೊಂದು ಯಂತ್ರವನ್ನು ಕೊಂಡರೆ ಅದು ಆಸ್ತಿ. ವರ್ಷ ವರ್ಷವೂ ಅದಕ್ಕೆ ಸವಕಳಿ ಉಂಟು. ಇಪ್ಪತ್ತು ವರ್ಷ ದುಡಿದ ಗುಮಾಸ್ತನಾದರೋ ಎಂದೆಂದಿಗೂ ಖರ್ಚಿನ ಬಾಬ್ತು. ಲೆಕ್ಕಶಾಸ್ತ್ರದ ನಿಯಮ ಹಾಗಿದೆ, ಅದರಲ್ಲಿ ದೋಷವಿಲ್ಲ. ಆದರೆ ಆ ಬಾಬ್ತನ್ನೇ ಮನುಷ್ಯನ ಬೆಲೆಯೆಂದು ಬಗೆಯುವ ಯಜಮಾನರನ್ನು ಅಂಧೇರಿ, ಮಲಾಡ್‌ಗಳ ಕಚೇರಿಗಳಲ್ಲಿ ಕಾಣುತ್ತಿದ್ದೇನೆ. ಅವರಲ್ಲಿ ನಮ್ಮವರೂ ಇದ್ದಾರೆ. ಬಿಲ್ಲು ಓದುವ, ಜಿಎಸ್‌ಟಿ ತಾಳೆ ನೋಡುವ ಕೆಲಸವು ಕೃತಕ ಬುದ್ಧಿಮತ್ತೆಯ ಪಾಲಾಯಿತೆಂಬ ಸುದ್ದಿ ಗುಮಾಸ್ತನಿಗೆ ಮುಟ್ಟುವುದು ಎಲ್ಲರಿಗಿಂತ ಕೊನೆಗೆ.

ಈ ಮಹಾನಗರಕ್ಕೆ ಇಂತಹ ಸಂದರ್ಭ ಹೊಸತಲ್ಲ. ಇಲ್ಲಿನ ಬ್ಯಾಂಕುಗಳಲ್ಲಿ ದುಡಿದ ಕರಾವಳಿ ಕನ್ನಡಿಗರ ಮನೆಗಳಲ್ಲಿ ಆ ನೆನಪು ಇನ್ನೂ ಇದ್ದೀತು. 1983ರಲ್ಲಿ ಭಾರತೀಯ ಬ್ಯಾಂಕುಗಳ ಸಂಘವು ನೌಕರ ಸಂಘಟನೆಗಳೊಡನೆ ಕುಳಿತು ಯಾಂತ್ರೀಕರಣದ ಕುರಿತು ಒಪ್ಪಂದ ಮಾಡಿಕೊಂಡಿತು. ಯಂತ್ರ ನಡೆಸುವವನಿಗೆ ವಿಶೇಷ ಭತ್ಯೆಯೂ ದೊರೆಯಿತು. ಇದರಿಂದ ಗಣಕೀಕರಣ ನಿಧಾನವಾಯಿತೆಂಬ ಟೀಕೆ ಸುಳ್ಳಲ್ಲ. ಆದರೂ ಲೆಡ್ಜರ್ ಬರೆಯುತ್ತಿದ್ದ ಕೈಗಳೇ ಆ ಯಂತ್ರವನ್ನೂ ಕಲಿತವು.

ಕಾನೂನೂ ಮೂಕವಾಗಿರಲಿಲ್ಲ. ಕೈಗಾರಿಕಾ ವಿವಾದಗಳ ಕಾಯಿದೆ, 1947ರ 9ಎ ಕಲಮಿನಂತೆ, ಕಾರ್ಮಿಕರ ಕೆಲಸ ಹೋಗುವ ಸಂಭವವಿರುವ ಯಂತ್ರಸುಧಾರಣೆಗೆ 21 ದಿನಗಳ ನೋಟಿಸು ಬೇಕಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಕೆಲಸದಿಂದ ತೆಗೆದವನ ಮರುತರಬೇತಿಗೆ 15 ದಿನಗಳ ವೇತನವನ್ನೂ ಸೇರಿಸಿದೆ. ಹದಿನೈದು ದಿನ! ಅಷ್ಟರಲ್ಲಿ ಯಾವ ಹೊಸ ವಿದ್ಯೆ ಕೈಹತ್ತುತ್ತದೆಯೋ ಸರ್ಕಾರವೇ ಹೇಳಬೇಕು. ಮೇಲ್ವಿಚಾರಣೆಯ ಹುದ್ದೆಯಲ್ಲಿದ್ದು ತಿಂಗಳಿಗೆ 18,000 ರೂಪಾಯಿ ಮೀರಿ ಪಡೆಯುವವನು ಆ ಸಂಹಿತೆಯ ಲೆಕ್ಕದಲ್ಲಿ ಕಾರ್ಮಿಕನೇ ಅಲ್ಲ. ವಿರಾರ್‌ನಿಂದ ನಿತ್ಯ ಲೋಕಲ್ ರೈಲಿನಲ್ಲಿ ತೂಗಾಡುತ್ತ ಬರುವವನಿಗೆ ಇದೊಂದು ವಿಚಿತ್ರ ಬಡ್ತಿ.

ಅಹಿಂಸಾಣುವ್ರತಕ್ಕೆ ನಮ್ಮ ಆಚಾರ್ಯರು ಹೇಳಿರುವ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಅನ್ನಪಾನನಿರೋಧವೂ ಸೇರಿವೆ. ಎತ್ತಿನ ಮೇಲೆ ಹೊರೆ ಹೆಚ್ಚಿಸುವುದನ್ನು ಮಾತ್ರ ನೆನೆದು ನಾವು ಸುಮ್ಮನಾಗುತ್ತೇವೆ. ಐವರಲ್ಲಿ ನಾಲ್ವರನ್ನು ಕಳುಹಿಸಿ, ಯಂತ್ರ ಮಾಡಿದ ತಪ್ಪುಗಳನ್ನೆಲ್ಲ ತಿದ್ದುವ ಭಾರವನ್ನು ಐದನೆಯವನ ತಲೆಗೆ ಕಟ್ಟಿದರೆ, ಒಂದೇ ಆದೇಶದಲ್ಲಿ ಎರಡೂ ಅತಿಚಾರಗಳು ಘಟಿಸುತ್ತವೆ. ಪರ್ಯೂಷಣದಲ್ಲಿ ಕ್ಷಮೆ ಬೇಡುವಾಗ ಈ ನಾಲ್ವರ ಹೆಸರು ಯಾರ ಪಟ್ಟಿಯಲ್ಲಿದೆ?

ನಮ್ಮ ಸಮಾಜದ ಉದ್ಯಮಿಗಳಲ್ಲಿ ನನ್ನದೊಂದು ವಿನಂತಿ. ತಂತ್ರಾಂಶದ ಬೆಲೆಪಟ್ಟಿ ಬಂದ ದಿನವೇ ಗುಮಾಸ್ತರನ್ನು ಕರೆದು ಮುಂದೆ ಕೂರಿಸಿಕೊಂಡು ವಿಷಯ ತಿಳಿಸಿರಿ. ಅವರ ತರಬೇತಿಯ ಮೊತ್ತವನ್ನು ಆ ಪಟ್ಟಿಯಲ್ಲಿಯೇ ಬರೆಯಿರಿ. ಅದು ವ್ಯಾಪಾರದ ಖರ್ಚು. ಆದಾಯ ತೆರಿಗೆಯಲ್ಲಿ ಕಳೆಯಲು ಬರುತ್ತದೆ.