ನಾರ್ವೆಯ ಹಿನ್ನಡೆಯೂ ಕಾಮನ್ಸ್ ಸಭೆಯೂ

ಯುದ್ಧದಲ್ಲಿ ಸೋತು ಬಂದ ಸೇನಾನಿಯನ್ನು ಅರಸನು ದಂಡಿಸಿದ ಕಥೆಗಳು ಎಲ್ಲ ದೇಶಗಳ ಚರಿತ್ರೆಯಲ್ಲಿಯೂ ಹೇರಳವಾಗಿ ದೊರೆಯುತ್ತವೆ. ಸೇನಾನಿಯನ್ನು ಬದಿಗಿಟ್ಟು, ಅವನನ್ನು ಕಳುಹಿಸಿದ ಮಂತ್ರಿಯನ್ನೇ ನಿಲ್ಲಿಸಿಕೊಂಡು, ಏಕೆ ಕಳುಹಿಸಿದಿರಿ, ಏನನ್ನು ಕೊಟ್ಟು ಕಳುಹಿಸಿದಿರಿ, ಏಕೆ ಹಿಂದಕ್ಕೆ ಕರೆದಿರಿ ಎಂದು ಪ್ರಜಾಪ್ರತಿನಿಧಿಗಳು ಕೇಳಿದ ಸಂದರ್ಭಗಳು ವಿರಳ. ಯುದ್ಧವು ಇನ್ನೂ ನಡೆಯುತ್ತಿರುವಾಗಲೇ ಹಾಗೆ ಕೇಳಿದುದು ಮತ್ತಷ್ಟು ವಿರಳ. 1940ನೆಯ ಇಸವಿ ಮೇ ತಿಂಗಳ 7 ಮತ್ತು 8ನೆಯ ತಾರೀಖುಗಳಂದು ಲಂಡನ್ನಿನ ಕಾಮನ್ಸ್ ಸಭೆಯಲ್ಲಿ ನಡೆದ ಚರ್ಚೆಯು ಅಂಥದೊಂದು. ಅದನ್ನು ಕುರಿತು ಕೆಲವು ಮಾತುಗಳನ್ನು ಅರಿಕೆಮಾಡಲು ಬಯಸುತ್ತೇವೆ.

ಆ ವರ್ಷದ ಏಪ್ರಿಲ್ 4ರಂದು ಪ್ರಧಾನಮಂತ್ರಿ ನೆವಿಲ್ ಚೇಂಬರ್ಲೇನರು ತಮ್ಮ ಪಕ್ಷದವರ ಮುಂದೆ ಮಾತನಾಡುತ್ತ, ಹಿಟ್ಲರನಿಗೆ ಬಸ್ಸು ತಪ್ಪಿಹೋಯಿತೆಂದು ನುಡಿದಿದ್ದರು. ಐದು ದಿನಗಳು ಕಳೆಯುವಷ್ಟರಲ್ಲಿ ಜರ್ಮನರು ಡೆನ್ಮಾರ್ಕನ್ನೂ ನಾರ್ವೆಯನ್ನೂ ಹೊಕ್ಕರು. ನಾರ್ವೆಯ ನಡುಭಾಗದಲ್ಲಿರುವ ಟ್ರೋನ್‌ಹೈಮ್ ಎಂಬ ರೇವುಪಟ್ಟಣವು ಅವರ ವಶವಾಯಿತು. ಅದನ್ನು ಮರಳಿ ಪಡೆಯುವುದಕ್ಕಾಗಿ ಬ್ರಿಟಿಷರು ಉತ್ತರದಲ್ಲಿ ನಾಮ್ಸೋಸ್, ದಕ್ಷಿಣದಲ್ಲಿ ಓನ್ಡಾಲ್ಸ್ನೆಸ್ ಎಂಬ ಎರಡು ಸಣ್ಣ ರೇವುಗಳಲ್ಲಿ ದಂಡನ್ನು ಇಳಿಸಿದರು. ಇಕ್ಕುಳದಂತೆ ಎರಡು ಕಡೆಯಿಂದ ಹಿಡಿಯಬೇಕೆಂಬುದು ಉಪಾಯ. ಸಮುದ್ರದ ಕಡೆಯಿಂದ ನೌಕಾಪಡೆಯು ನೇರವಾಗಿ ಮೇಲೆ ಬೀಳಬೇಕೆಂಬುದು ಇನ್ನೊಂದು. ಈ ಎರಡನೆಯದನ್ನು ಮೊದಲು ಗೊತ್ತುಮಾಡಿ ಆಮೇಲೆ ಕೈಬಿಟ್ಟರು.

ದಂಡಿನ ಸ್ಥಿತಿಯಾದರೋ ಶೋಚನೀಯವಾಗಿತ್ತು. ಇಳಿದವರಲ್ಲಿ ಬಹುಮಂದಿ ಪೂರ್ಣ ತರಬೇತಿಯಿಲ್ಲದ ಟೆರಿಟೋರಿಯಲ್ ಪಡೆಯವರು. ಸೊಂಟಮಟ್ಟದ ಹಿಮದಲ್ಲಿ ನಡೆಯಬೇಕಾದವರಿಗೆ ಹಿಮದ ಮೇಲೆ ಜಾರಿ ಸಾಗುವ ವಿದ್ಯೆ ತಿಳಿಯದು. ವಿಮಾನಗಳನ್ನು ಹೊಡೆದು ಕೆಡಹುವ ಫಿರಂಗಿಗಳು ಸಾಲವು. ನಾಮ್ಸೋಸಿನ ಸೇನಾಪತಿ ಕಾರ್ಟನ್ ಡಿ ವಿಯಾರ್ಟ್ ಹಿಂದಿನ ಕಾಳಗಗಳಲ್ಲಿ ಒಂದು ಕಣ್ಣನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದ ವೀರರು. ಆದರೆ ಆಕಾಶದಿಂದ ಬೀಳುವ ಬಾಂಬಿನೆದುರು ಶೌರ್ಯವೇನು ಮಾಡೀತು? ಏಪ್ರಿಲ್ 20ರಂದು ಆ ಮರದ ಮನೆಗಳ ಊರು ಉರಿದುಹೋಯಿತು. ದಕ್ಷಿಣದ ದಂಡಿಗೆ ನೆರವಾಗಲೆಂದು 24ರಂದು ಹದಿನೆಂಟು ಗ್ಲಾಡಿಯೇಟರ್ ವಿಮಾನಗಳು ಬಂದು, ಬೇರೆ ನೆಲೆಯಿಲ್ಲದೆ, ಹೆಪ್ಪುಗಟ್ಟಿದ ಲೆಸ್ಯಾಸ್ಕೂಗ್ ಎಂಬ ಸರೋವರದ ಮೇಲೆ ಇಳಿದವು. ಮರುದಿನವೇ ಅವುಗಳಲ್ಲಿ ಬಹುಪಾಲು ಮಂಜುಗಡ್ಡೆಯ ಮೇಲೆಯೇ ನಾಶವಾದವು. ಮೇ 3ರ ಬೆಳಗಿನೊಳಗೆ ಎರಡು ರೇವುಗಳಿಂದಲೂ ದಂಡು ಹಡಗನ್ನೇರಿ ಹಿಂದಿರುಗಿತು. ನಾಮ್ಸೋಸಿನಲ್ಲಿ ಜೊತೆಗೆ ಕಾದುತ್ತಿದ್ದ ನಾರ್ವೆಯವರಿಗೆ ಈ ಸುದ್ದಿ ತಿಳಿದುದು ಕೊನೆಯ ಗಳಿಗೆಯಲ್ಲಿ. ಹಿಂದಕ್ಕೆ ತರುವ ಕೆಲಸವನ್ನು ನೌಕಾಪಡೆಯು ಅತ್ಯಂತ ದಕ್ಷತೆಯಿಂದ ಮಾಡಿತೆಂಬುದನ್ನು ಹೇಳಲೇಬೇಕು. ಸಭೆಯ ಕೋಪವು ಬಂದುದರ ಮೇಲಲ್ಲ, ಹೋದ ರೀತಿಯ ಮೇಲೆ.

ಇಲ್ಲಿ ಒಂದು ವಿನೋದವುಂಟು. ಸಭೆಯ ಮುಂದಿದ್ದ ಸೂಚನೆಯಲ್ಲಿ ನಾರ್ವೆಯ ಹೆಸರೇ ಇರಲಿಲ್ಲ. ಸಭೆಯನ್ನು ಈಗ ಮುಂದೂಡಬಹುದೇ ಎಂಬುದಷ್ಟೇ ಪ್ರಶ್ನೆ. ಸಭೆಯನ್ನು ಮುಂದೂಡಬೇಕೇ ಬೇಡವೇ ಎಂಬ ನೆಪದಲ್ಲಿ ಒಂದು ಸರಕಾರವನ್ನೇ ಅಲುಗಿಸಬಹುದೆಂಬುದನ್ನು ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ನಂಬಿಸಲು ನಾವು ಬಹಳ ಕಷ್ಟಪಡಬೇಕಾಗುತ್ತದೆ.

ಮೊದಲ ದಿನ ಚೇಂಬರ್ಲೇನರು ಎದ್ದು, ಹೋಗಿದ್ದ ದಂಡು ಒಂದು ಡಿವಿಷನ್ನಿಗಿಂತ ಹೆಚ್ಚೇನೂ ಅಲ್ಲವೆಂದೂ, ಇದನ್ನು ಗ್ಯಾಲಿಪೊಲಿಗೆ ಹೋಲಿಸಲಾಗದೆಂದೂ ಸಮಾಧಾನ ಹೇಳಿದರು. ಎದುರಿನಿಂದ ಬಸ್ಸಿನ ಕೂಗು ಎದ್ದಿತು. ಲೆಕ್ಕದ ಮಾತು ನಿಜವೇ ಇರಬಹುದು. ಕೇಳುವವರ ಮನಸ್ಸು ಲೆಕ್ಕದಲ್ಲಿರಲಿಲ್ಲ. ಆಮೇಲೆ ನೌಕಾಪಡೆಯ ಅಡ್ಮಿರಲ್ ಸರ್ ರೋಜರ್ ಕೀಸ್ ಪದಕಗಳನ್ನೆಲ್ಲ ತೊಟ್ಟು, ಪೂರ್ಣ ಸಮವಸ್ತ್ರದಲ್ಲಿ ಸಭೆಗೆ ಬಂದರು. 1918ರಲ್ಲಿ ಜೀಬ್ರೂಗದ ಮೇಲೆ ದಾಳಿ ನಡೆಸಿದವರು ಇವರೇ. ವಾಗ್ಮಿಗಳಲ್ಲ, ಬರೆದುದನ್ನು ಓದಿದರು. ಟ್ರೋನ್‌ಹೈಮನ್ನು ಸಮುದ್ರದಿಂದ ಹೊಡೆಯಲು ಪಡೆಯು ಸಿದ್ಧವಿದ್ದಿತು, ತಡೆದವರು ಲಂಡನ್ನಿನಲ್ಲಿದ್ದರು ಎಂಬುದು ಅವರ ಆರೋಪದ ತಿರುಳು.

ಅಂದಿನ ರಾತ್ರಿ ಮಾತನಾಡಿದವರಲ್ಲಿ ಲಿಯೋ ಏಮರಿಯವರು ಮುಖ್ಯರು. ಇವರು ವಿರೋಧಪಕ್ಷದವರಲ್ಲ; ಚೇಂಬರ್ಲೇನರ ಪಕ್ಷದವರು, ಬರ್ಮಿಂಗ್‌ಹ್ಯಾಮ್ ನಗರದಿಂದಲೇ ಆರಿಸಿಬಂದವರು, ಬಹುಕಾಲದ ಸ್ನೇಹಿತರು. ಊಟದ ಹೊತ್ತಾದುದರಿಂದ ಸಭೆಯಲ್ಲಿ ಜನ ವಿರಳವಾಗಿತ್ತು. ಇವರ ಮಾತು ನಡೆದಂತೆ ತುಂಬುತ್ತ ಬಂದಿತು. ಕೊನೆಯಲ್ಲಿ ಅವರು, 1653ರಲ್ಲಿ ಕ್ರಾಮ್‌ವೆಲ್ಲನು ಆಗಿನ ಪಾರ್ಲಿಮೆಂಟನ್ನು ಹೊರಗಟ್ಟುವಾಗ ಆಡಿದನೆಂಬ ಮಾತುಗಳನ್ನು ಎತ್ತಿಕೊಂಡು, ದೇವರ ಹೆಸರಿನಲ್ಲಿ ಹೊರಡಿರಿ ಎಂದು ಮಂತ್ರಿಮಂಡಲಕ್ಕೆ ಹೇಳಿ ಕುಳಿತರು. ಸ್ನೇಹಿತನ ಬಾಯಿಂದ ಬಂದುದರಿಂದಲೇ ಆ ಮಾತು ಅಷ್ಟು ಆಳವಾಗಿ ನಾಟಿತೆಂದು ನಮ್ಮ ಭಾವನೆ.

ಮರುದಿನ ಲೇಬರ್ ಪಕ್ಷದ ಮಾರಿಸನ್ನರು ಮತ ತೆಗೆದುಕೊಳ್ಳುವುದಾಗಿ ಸಾರಿದರು. ಚೇಂಬರ್ಲೇನರು ಕೆರಳಿ ಎದ್ದು, ಈ ಸಭೆಯಲ್ಲಿ ತಮಗೂ ಸ್ನೇಹಿತರುಂಟೆಂದರು. ದೇಶದ ಪ್ರಾಣಕ್ಕೆ ಸಂಬಂಧಿಸಿದ ಹೊತ್ತಿನಲ್ಲಿ ಸ್ನೇಹದ ಮಾತನ್ನೆತ್ತಿದುದು ದೊಡ್ಡ ತಪ್ಪಾಯಿತು. ವೃದ್ಧ ಲಾಯ್ಡ್ ಜಾರ್ಜರು ಅದನ್ನೇ ಹಿಡಿದುಕೊಂಡು, ಪ್ರಧಾನಿಯು ಮೊದಲು ತನ್ನ ಪದವಿಯನ್ನು ತ್ಯಾಗಮಾಡಿ ಮೇಲ್ಪಂಕ್ತಿ ಹಾಕಲಿ ಎಂದರು. ನೌಕಾಸಚಿವ ಚರ್ಚಿಲ್ಲರು ತಮ್ಮ ಇಲಾಖೆಯ ಹೊಣೆಯೆಲ್ಲ ತಮ್ಮದೆಂದು ನಡುವೆ ಹೇಳಿದಾಗ, ಸಹೋದ್ಯೋಗಿಗಳಿಗೆ ಚೂರು ತಗುಲದಂತೆ ನೀವು ಬಾಂಬಿನ ಆಶ್ರಯಗೃಹವಾಗಬೇಡಿರೆಂದು ಅವರನ್ನೂ ಎಚ್ಚರಿಸಿದರು.

ಕಾಮನ್ಸ್ ಸಭೆಯಲ್ಲಿ ಮತವೆಂದರೆ ಕೈಯೆತ್ತುವುದಲ್ಲ. ಹೌದೆನ್ನುವವರು ಒಂದು ಓಣಿಯಲ್ಲಿಯೂ ಅಲ್ಲವೆನ್ನುವವರು ಇನ್ನೊಂದು ಓಣಿಯಲ್ಲಿಯೂ ಎದ್ದು ನಡೆಯಬೇಕು. ಬಾಗಿಲಲ್ಲಿ ತಲೆಯೆಣಿಸುತ್ತಾರೆ, ಆಗ ಹೆಸರನ್ನೂ ಬರೆದುಕೊಳ್ಳುತ್ತಿದ್ದರು. ಅಂದು ರಾತ್ರಿ ಸುಮಾರು ನಲವತ್ತು ಮಂದಿ ಸರಕಾರದ ಕಡೆಯವರು, ಅವರಲ್ಲಿ ಕೆಲವರು ಸೈನ್ಯದ ಉಡುಪಿನಲ್ಲಿ, ವಿರೋಧಿಗಳ ಓಣಿಗೆ ನಡೆದರು. ಇಪ್ಪತ್ತೈದು ವರ್ಷದ ಜಾನ್ ಪ್ರೊಫ್ಯೂಮೋ ಅವರಲ್ಲೊಬ್ಬರು. ಇದೇ ಸಭೆಗೆ ಸುಳ್ಳು ಹೇಳಿದುದಕ್ಕಾಗಿ 1963ರಲ್ಲಿ ಮಂತ್ರಿಪದವಿಯನ್ನು ಬಿಡಬೇಕಾದವರೂ ಅವರೇ. ಮತ್ತೆಷ್ಟೋ ಮಂದಿ ಯಾವ ಓಣಿಗೂ ಹೋಗಲಿಲ್ಲ. ಸರಕಾರಕ್ಕೆ 281, ವಿರೋಧವಾಗಿ 200. ಇನ್ನೂರಕ್ಕೂ ಮಿಕ್ಕಿದ್ದ ಬಹುಮತವು 81ಕ್ಕೆ ಇಳಿಯಿತು. ಗೆದ್ದ ಪ್ರಧಾನಿಯು ಎರಡು ದಿನಗಳಲ್ಲಿ, ಜರ್ಮನರು ಹಾಲೆಂಡು ಬೆಲ್ಜಿಯಮ್ಮುಗಳ ಮೇಲೆ ಬಿದ್ದ ಮೇ 10ರಂದೇ, ರಾಜೀನಾಮೆ ಕೊಟ್ಟರು. ಲೇಬರ್ ಪಕ್ಷದವರು ಅವರ ಕೈಕೆಳಗೆ ಕೆಲಸಮಾಡಲು ಒಪ್ಪಲಿಲ್ಲ.

ನ್ಯಾಯವಾಯಿತೇ? ನಾವು ಹೌದೆಂದು ಸುಲಭವಾಗಿ ಹೇಳಲಾರೆವು. ನಾರ್ವೆಯ ಗೊಂದಲದಲ್ಲಿ ಚರ್ಚಿಲ್ಲರ ಪಾಲು ಚೇಂಬರ್ಲೇನರದಕ್ಕಿಂತ ಕಡಮೆಯಲ್ಲ, ಅವರೇ ಪ್ರಧಾನಿಯಾದರು. ಸಭೆಯು ಒಂದು ದಂಡಯಾತ್ರೆಯ ತಪ್ಪನ್ನು ಅಳೆಯಲಿಲ್ಲ. ಮ್ಯೂನಿಕ್ಕಿನಿಂದ ಅಲ್ಲಿಯವರೆಗಿನ ಒಂದು ಮನೋಧರ್ಮವನ್ನು ಅಳೆಯಿತು.

ಈ ಕುಟುಂಬಕ್ಕೆ ಇಂಥ ಲೆಕ್ಕ ಹೊಸದಲ್ಲ. 1916ರಲ್ಲಿ ಕೂಟ್‌ನಲ್ಲಿ ಸೆರೆಸಿಕ್ಕ ಸುಮಾರು ಹದಿಮೂರು ಸಾವಿರ ಮಂದಿಯಲ್ಲಿ ಹೆಚ್ಚಿನವರು ಭಾರತೀಯರು. ಮರುವರ್ಷ ಮೆಸೊಪೊಟೇಮಿಯಾ ಆಯೋಗದ ವರದಿ ಹೊರಬಿದ್ದಾಗ ಪದವಿ ಬಿಟ್ಟ ಭಾರತಮಂತ್ರಿ ಆಸ್ಟಿನ್ ಚೇಂಬರ್ಲೇನರು ನೆವಿಲ್ಲರ ಅಣ್ಣ. ಆಗಲೂ ಪ್ರಶ್ನೆ ಕೇಳಿದ ಸಭೆ ಲಂಡನ್ನಿನದು. 1939ರಲ್ಲಿ ವೈಸರಾಯರು ಭಾರತವನ್ನು ಯುದ್ಧಕ್ಕೆ ಸೇರಿಸಿದಾಗ ಇಲ್ಲಿನ ಶಾಸನಸಭೆಯನ್ನು ಕೇಳಲೇ ಇಲ್ಲ. ಗೋರಖಪುರದಲ್ಲಿ ಹುಟ್ಟಿದ ಏಮರಿಯವರು ಹೊಸ ಮಂತ್ರಿಮಂಡಲದಲ್ಲಿ ಭಾರತಮಂತ್ರಿಗಳಾಗಿ 1945ರವರೆಗೆ ಇದ್ದರು. 1942ರ ದಸ್ತಗಿರಿಗಳು ನಡೆದುದು ಅವರ ಕಾಲದಲ್ಲಿ. ಮರುವರ್ಷ ಬಂಗಾಳದಲ್ಲಿ ಲಕ್ಷಗಟ್ಟಲೆ ಜನರು ಹಸಿವಿನಿಂದ ಸತ್ತಾಗ, ಅದರ ಲೆಕ್ಕವನ್ನು ಅವರು ಒಪ್ಪಿಸಬೇಕಾಗಿದ್ದುದು ವೆಸ್ಟ್‌ಮಿನ್‌ಸ್ಟರಿಗೇ ಹೊರತು ಕಲ್ಕತ್ತೆಗಲ್ಲ.