ನಡುವಿನ ನರಿ

ಹಂಗಾಮಿನಲ್ಲಿ ಹಿಪ್ಪರಗಿ ಕಡೆ ಕಬ್ಬಿನ ಬಂಡಿ ಎಳೆಯುವ ಎತ್ತು ಕಂಡಾಗ ನನಗೆ ಸಂಜೀವಕ ನೆನಪಾಗುತ್ತಾನೆ. ವ್ಯಾಪಾರಿಯ ಬಂಡಿ ಎಳೆದು ಸೋತು, ಕಾಡುಪಾಲಾದ ಪಂಚತಂತ್ರದ ಎತ್ತು.

ಪಂಚತಂತ್ರವನ್ನು ಕನ್ನಡದಲ್ಲಿ ಚಂಪೂ ಮಾಡಿದವನು ದುರ್ಗಸಿಂಹ, 1031ರ ಸುಮಾರಿಗೆ. ಕಿಸುಕಾಡು ನಾಡಿನ ಸಯ್ಯಡಿಯವನು; ಪಟ್ಟದಕಲ್ಲಿನ ಸುತ್ತಿನ ಸೀಮೆ, ನಮಗೇನೂ ದೂರವಲ್ಲ. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ, ಅಂದರೆ ರಾಜರ ನಡುವಿನ ಸಂಧಿ, ಯುದ್ಧದ ವ್ಯವಹಾರ ನೋಡುವವನು. ಈ ಕಥೆ ನಡೆಸುವ ಚಾಡಿಯ ದಾರಿಗಳು ಇವನಿಗೆ ತಿಳಿಯದೆ ಇನ್ಯಾರಿಗೆ ತಿಳಿದಾವು!

ಎತ್ತಿನ ಗುಟುರಿಗೇ ಬೆದರಿದ ಸಿಂಹ ಪಿಂಗಳಕ ಆಮೇಲೆ ಅದರ ಗೆಳೆಯನಾಗುತ್ತದೆ. ಸಿಂಹದ ಬಳಿಯ ನರಿ ಆ ಗೆಳೆತನವನ್ನು ಸಹಿಸದು. ಎತ್ತು ಕೊಂಬು ತಗ್ಗಿಸಿ ಬಂದರೆ ಎಚ್ಚರ ಅಂತ ಸಿಂಹಕ್ಕೆ, ಸಿಂಹ ಬಾಲ ಎತ್ತಿ ಕೂತಿದ್ದರೆ ಎಚ್ಚರ ಅಂತ ಎತ್ತಿಗೆ ಹೇಳುತ್ತದೆ. ಹೆದರಿದವರು ಹಾಗೇ ಎದುರಾಗುತ್ತಾರೆ. ನರಿಯ ಸುಳ್ಳಿಗೆ ಅವರ ಮೈಯೇ ಸಾಕ್ಷಿ ಹೇಳುತ್ತದೆ. ಇಷ್ಟು ಹರಿತವಾದ ವಿಡಂಬನೆ ಅಪರೂಪ.

ಕೊರತೆಯೂ ಇದೆ. ಸಿಂಹ ಯಾಕೆ ರಾಜ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಜಾರ್ಜ್ ಆರ್ವೆಲ್ ಬರೆದು 1945ರಲ್ಲಿ ಪ್ರಕಟವಾದ 'ಅನಿಮಲ್ ಫಾರ್ಮ್' ಕಾದಂಬರಿಯ ಪ್ರಾಣಿಗಳು ಯಜಮಾನನನ್ನೇ ಓಡಿಸುತ್ತವೆ. ಬಳಿಕ ಹಂದಿಗಳೇ ಯಜಮಾನರಾಗಿ, ಗೋಡೆಯ ಮೇಲಿನ ಕಟ್ಟಳೆಗಳನ್ನು ತಮಗೆ ಬೇಕಾದಂತೆ ತಿದ್ದುತ್ತವೆ. ಆರ್ವೆಲ್‌ನ ಸಿಟ್ಟು ಕೆಟ್ಟುಹೋದ ಕ್ರಾಂತಿಯ ಮೇಲೆ. ದುರ್ಗಸಿಂಹನ ಕಣ್ಣು ದೊರೆಯ ಕಿವಿಯ ಹತ್ತಿರ ನಿಂತವನ ಮೇಲೆ. ಆರ್ವೆಲ್ ಕಥೆಯ ಕುದುರೆ ಬಾಕ್ಸರ್‌ನ ಸಾವಿಗೆ ನಾನು ಮರುಗಿದ್ದೇನೆ. ಆದರೆ ನನಗೆ ಹೆಚ್ಚು ಪರಿಚಿತ ಅನ್ನಿಸುವುದು ನಮ್ಮ ಸೀಮೆಯವನು ಹೇಳಿದ ಆ ನರಿಯೇ.